ಚಿಗವ್ವ ಚುಚ್ಚಿದ ಕಾರ್ಡುಗಳು

ನನ್ನ ಕಿವಿ ಚುಚ್ಚಿದವಳು ಚಿಗವ್ವ, ಅವ್ವನ ತಂಗಿ. ನಮ್ಮ ಮನೆ ಶಹಾಪುರದಲ್ಲಿದ್ದರೂ ಆ ಕೆಲಸ ನಡೆದದ್ದು ಸುರಪುರದ ಅಜ್ಜಿಯ ಹಿತ್ತಲಲ್ಲಿ. ಆಗ ನಾನು ಕೈಗೂಸು, ನನಗೆ ನೆನಪಿಲ್ಲ. ಆದರೆ ಆಮೇಲೆ ಬೇರೆ ಮಕ್ಕಳಿಗೆ ಅವಳು ಚುಚ್ಚುವುದನ್ನು ಎಷ್ಟೋ ಸಲ ಪಕ್ಕದಲ್ಲೇ ಕೂತು ನೋಡಿದ್ದೇನೆ. ಬೆಳಗಿನ ಬಿಸಿಲಿಗೆ ಕೂಸಿನ ಮುಖ ತಿರುಗಿಸುತ್ತಾಳೆ. ಕಿವಿಯ ಹಾಲೆಯನ್ನು ಎರಡು ಬೆರಳಲ್ಲಿ ಹಿಡಿದು, ಹಿಂದಿನಿಂದ ಬಿಸಿಲು ಬೀಳುವ ಹಾಗೆ ಬಗ್ಗಿಸುತ್ತಾಳೆ. ಹಾಲೆ ಕೆಂಪಗೆ ಬೆಳಗುತ್ತದೆ, ಒಳಗಿನ ನರ ಸಣ್ಣ ಗೆರೆಯಾಗಿ ಕಾಣುತ್ತದೆ. ಆ ಗೆರೆಯನ್ನು ತಪ್ಪಿಸಿ ಸೂಜಿ ಇಡುತ್ತಾಳೆ. ತೂತು ಮುಚ್ಚದಂತೆ ಬೇವಿನ ಕಡ್ಡಿ ಸೇರಿಸಿ, ಅರಿಶಿನ ಕಲಸಿದ ಕೊಬ್ಬರಿ ಎಣ್ಣೆ ಹಚ್ಚಿ, ಕೂಸನ್ನು ತಾಯಿಯ ಕೈಗೆ ಕೊಡುತ್ತಾಳೆ.

ಕಿವಿ ಚುಚ್ಚಿಸಲು ಅಕ್ಕಸಾಲಿಗರ ಅಂಗಡಿಗೆ ಹೋಗುವವರೇ ಹೆಚ್ಚು. ಅಜ್ಜಿಯ ಓಣಿಯವರು ಮಾತ್ರ ಅಜ್ಜಿಯ ಹತ್ತಿರ ಬರುತ್ತಿದ್ದರು, ಅಜ್ಜಿಯ ಕಣ್ಣು ಮಂಜಾದ ಮೇಲೆ ಚಿಗವ್ವನ ಹತ್ತಿರ. ಅವಳು ಮದುವೆಯಾಗಿ ಬಳಿಚಕ್ರಕ್ಕೆ ಹೋದಾಗ ಆ ಸೂಜಿಯೂ ಅವಳ ಜೊತೆ ಹೋಯಿತು. ಅಲ್ಲಿಯ ಹೆಂಗಸರು ಅವಳ ಕೈಯನ್ನು ನಂಬಿದ್ದರು. ಅವಳು ಚುಚ್ಚಿದ ಕಿವಿ ಒಂದೂ ಕೀವಾಗಿಲ್ಲ ಎಂಬುದು ಅವಳು ಬಾಯಿಬಿಟ್ಟು ಹೇಳಿಕೊಳ್ಳುತ್ತಿದ್ದ ಒಂದೇ ಹೆಮ್ಮೆ.

ಕಡೇಚೂರಿನ ಒಂದು ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸಿ ಪೆಟ್ಟಿಗೆ ತುಂಬುವ ಕೆಲಸಕ್ಕೆ ಹೆಂಗಸರು ಬೇಕಾದಾಗ ಊರಿನಿಂದ ಮೊದಲು ಹೋದವಳು ಚಿಗವ್ವ. ಆಮೇಲೆ ಅವಳ ಮಾತಿನ ಮೇಲೆ ಇನ್ನೂ ಏಳೆಂಟು ಮಂದಿ ಹೊರಟರು. “ಆಕಿ ಅದಾಳಲ್ಲ, ಹೋಗ್ಲಿ ಬಿಡು” ಎಂದು ಮನೆಯ ಗಂಡಸರೂ ಅತ್ತೆಯರೂ ಒಪ್ಪಿದ್ದು ಅವಳನ್ನು ನೋಡಿ. ಅಷ್ಟು ಜನರಾದದ್ದಕ್ಕೆ ಕಂಪನಿಯ ಬಸ್ಸು ದೊಡ್ಡ ರಸ್ತೆ ಬಿಟ್ಟು ಊರೊಳಗೆ ಬರತೊಡಗಿತು.

ಅವರಿಗೆಲ್ಲ ಒಂದೊಂದು ಕಾರ್ಡು ಕೊಟ್ಟಿದ್ದರು. ಮೇಲೆ ಫೋಟೋ, ಕೆಳಗೆ ಹೆಸರು. ಗೇಟಿನ ಕಂಬಕ್ಕೆ ಕೂರಿಸಿದ ಕಪ್ಪು ಡಬ್ಬಿಯ ಮುಂದೆ ಹಿಡಿದರೆ ಅದು ಪೀಪ್ ಎನ್ನುತ್ತದೆ, ಅಡ್ಡಪಟ್ಟಿ ತಿರುಗಿ ದಾರಿ ಬಿಡುತ್ತದೆ. ತೊಂದರೆ ಗೇಟಿನಲ್ಲಿ ಇರಲಿಲ್ಲ, ಒಳಗಿತ್ತು. ಯಂತ್ರಕ್ಕೆ ಸಿಕ್ಕೀತೆಂದು ಕೊರಳಿಗೆ ಪಟ್ಟಿ ಹಾಕಿಕೊಳ್ಳಲು ಬಿಡುತ್ತಿರಲಿಲ್ಲ. ಮೇಲೆ ತೊಡುವ ನೀಲಿ ನಿಲುವಂಗಿಗೆ ಜೇಬಿಲ್ಲ. ಕುಪ್ಪಸದಲ್ಲಿಟ್ಟರೆ ಬೆವರಿಗೆ ಫೋಟೋ ಬಣ್ಣ ಬಿಡುತ್ತದೆ. ಊಟದ ಹೊತ್ತಿಗೆ, ಮನೆಗೆ ಹೊರಡುವ ಹೊತ್ತಿಗೆ ದಿನಾ ಯಾರದಾದರೂ ಒಂದು ಕಾರ್ಡು ಕಳೆದು ಹುಡುಕಾಟ ನಡೆಯುತ್ತಿತ್ತು.

ನಮ್ಮ ಕಡೆ ಮನೆಯ ಕೀಲಿಕೈಯನ್ನು ಹೆಂಗಸರು ಪಿನ್ನಿಗೆ ಪೋಣಿಸಿ ಸೊಂಟದ ಹತ್ತಿರ ಸೀರೆಗೆ ಚುಚ್ಚಿಕೊಳ್ಳುತ್ತಾರೆ. ಅದು ಬಿದ್ದದ್ದನ್ನು ನಾನು ಕಂಡಿಲ್ಲ. ಕಾರ್ಡನ್ನೂ ಅದೇ ಪಿನ್ನಿಗೆ ಹಾಕಿಕೊಂಡರೆ ಮುಗಿಯಿತಲ್ಲ ಎಂದು ಚಿಗವ್ವನಿಗೆ ಹೊಳೆಯಿತು. ಒಂದು ಸಂಜೆ ಒಲೆಯಲ್ಲಿ ಸೂಜಿ ಕಾಯಿಸಿ ತನ್ನ ಕಾರ್ಡಿಗೆ ಚುಚ್ಚಿದಳು. ಪ್ಲಾಸ್ಟಿಕ್ಕು ಮೆತ್ತಗಾಗಿ ಸೂಜಿ ಜಾರಿತು. ತೂತು ಬಿದ್ದದ್ದು ಕಾರ್ಡಿನ ನಟ್ಟನಡುವೆ, ಫೋಟೋದ ಮೂಗಿನ ಮೇಲೆ.

ಮರುದಿನ ಬಸ್ಸಿನಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರಂತೆ. ಎದುರುಮನೆಯವಳಂತೂ ಆ ಕಾರ್ಡನ್ನು ಸೀಟಿನಿಂದ ಸೀಟಿಗೆ ತೋರಿಸಿಕೊಂಡು ಬಂದಳಂತೆ. “ನೋಡ್ರೇ, ಅಕ್ಕ ಫೋಟೋಕ್ಕೂ ನತ್ತು ಇಡಿಸ್ಯಾಳ!” ಈ ಎದುರುಮನೆಯವಳು ಚಿಗವ್ವನಿಗಿಂತ ಸ್ವಲ್ಪ ಚಿಕ್ಕವಳು. ನಾಲಿಗೆ ಹರಿತ, ಕೈಕಾಲು ಚುರುಕು. ಊರಿನಲ್ಲಿ ಚಿಗವ್ವನ ಜೊತೆ ದಿನಕ್ಕೊಮ್ಮೆಯಾದರೂ ಜಗಳವಾಡಿ, ದಿನಕ್ಕೊಮ್ಮೆಯಾದರೂ ಅವಳ ಮನೆಯಲ್ಲಿ ಚಹಾ ಕುಡಿಯುತ್ತಿದ್ದವಳು.

ನಕ್ಕರೂ ಆ ಕಾರ್ಡು ಗೇಟಿನಲ್ಲಿ ಪೀಪ್ ಎಂದಿತು. ವಾರವಿಡೀ ಎಂದಿತು. ಪಿನ್ನಿನಿಂದ ಬೀಳಲೂ ಇಲ್ಲ. ಆ ಭಾನುವಾರ ಎಲ್ಲರೂ ತಮ್ಮ ತಮ್ಮ ಕಾರ್ಡು ಹಿಡಿದುಕೊಂಡು ಚಿಗವ್ವನ ಪಡಸಾಲೆಗೆ ಬಂದರು. ಒಂದೇ ಷರತ್ತು: ಮೂಗಿಗೆ ಬೇಡ, ಮೂಲೆಗೆ ಚುಚ್ಚಬೇಕು. ಈ ಸಲ ಚಿಗವ್ವನ ಕೈ ತಪ್ಪಲಿಲ್ಲ. ಒಂದೊಂದು ಕಾರ್ಡಿನ ಮೇಲಿನ ಮೂಲೆಯಲ್ಲಿ, ಅಂಚಿನಿಂದ ಚೂರೇ ಚೂರು ಒಳಗೆ, ದುಂಡಗೆ ಚೊಕ್ಕವಾಗಿ ಚುಚ್ಚಿಕೊಟ್ಟಳು.

ಸೋಮವಾರ ಬೆಳಿಗ್ಗೆ ಗೇಟಿನಲ್ಲಿ ಮೊದಲು ನಿಂತವಳು ಎದುರುಮನೆಯವಳು. ಡಬ್ಬಿ ಸುಮ್ಮನಿತ್ತು. ಸೆರಗಿನಿಂದ ಒರೆಸಿ ಮತ್ತೆ ಹಿಡಿದಳು. ಸುಮ್ಮನಿತ್ತು. ಎರಡನೆಯವಳದೂ ಸುಮ್ಮನೆ, ಮೂರನೆಯವಳದೂ ಸುಮ್ಮನೆ.

“ಏನ್ರಿ ಅಕ್ಕೋರ, ಇಡೀ ಊರಿನ ಕಾರ್ಡ್ ಒಮ್ಮೆಲೆ ಸತ್ತಾವಲ್ಲ? ಬ್ಯಾನಿ ಗೀನಿ ಬಂದಿತ್ತೇನು?” ಎಂದ ಕಾವಲುಗಾರ. ಮೂಲೆಯ ತೂತುಗಳನ್ನು ನೋಡಿದ ಮೇಲೆ ಅವನ ನಗು ಹೋಯಿತು. ಕಾರ್ಡು ಕೆಡಿಸಿದವರನ್ನು ಒಳಗೆ ಬಿಡುವಂತಿಲ್ಲ, ಆಫೀಸಿನವರನ್ನು ಕೇಳಬೇಕು ಎಂದ.

ಕೊನೆಗೆ ಚಿಗವ್ವ ಬಂದಳು. ಮೂಗಿನಲ್ಲಿ ತೂತಿದ್ದ ಕಾರ್ಡು ಹಿಡಿದಳು. ಪೀಪ್.

ಅವಳು ಒಳಗೆ ಹೋದಳು, ಉಳಿದವರು ಹೊರಗೆ ಉಳಿದರು. ಬಸ್ಸು ತಿರುಗಿ ಹೊರಡುವುದು ಸಂಜೆಗೇ ಆದ್ದರಿಂದ ಅವರೆಲ್ಲ ದಿನವಿಡೀ ಗೇಟಿನ ಎದುರಿನ ಬೇವಿನ ಗಿಡದ ಕೆಳಗೆ ಕೂತು ರೊಟ್ಟಿಯ ಗಂಟು ಬಿಚ್ಚಿ ತಿಂದರು. ಏನು ಮಾತಾಡಿಕೊಂಡರೋ ಚಿಗವ್ವನಿಗೆ ಗೊತ್ತಿಲ್ಲ. ಸಂಜೆ ಬಸ್ಸು ಹತ್ತಿದಾಗ ಅವಳ ಪಕ್ಕದ ಸೀಟು ಖಾಲಿ ಇತ್ತು. ಎದುರುಮನೆಯವಳು ಹಿಂದಿನ ಸೀಟಿನಿಂದ ಯಾರಿಗೋ ಹೇಳುವಂತೆ ಹೇಳಿದಳು: “ನಮ್ಮವೆಲ್ಲಾ ಸತ್ತು, ಈಕಿದೊಂದು ಹೆಂಗ ಉಳೀತು? ಅದನ್ನ ಕೇಳ್ರಿ ಮೊದಲ.”

ಹಾಗೆ ಕೇಳಲು ಒಂದು ಕಾರಣವಿತ್ತು. ಪೆಟ್ಟಿಗೆ ತುಂಬುವ ಹೆಂಗಸರ ಸಾಲನ್ನು ಮೇಲ್ವಿಚಾರಕಿಯಾಗಿ ನೋಡಿಕೊಳ್ಳಲು ಅವರೊಳಗೇ ಒಬ್ಬಳನ್ನು ಆರಿಸುತ್ತಾರೆಂಬ ಸುದ್ದಿ ಕಾರ್ಖಾನೆಯಲ್ಲಿ ಓಡಾಡುತ್ತಿತ್ತು. ಚಿಗವ್ವ ಬೇಕೆಂದೇ ಉಳಿದವರ ಕಾರ್ಡು ಕೊಂದು ತನ್ನದನ್ನು ಉಳಿಸಿಕೊಂಡಳು ಎಂಬ ಮಾತು ಮಂಗಳವಾರದ ಹೊತ್ತಿಗೆ ಓಣಿಯಲ್ಲಿ ನಿಂತುಬಿಟ್ಟಿತ್ತು. ಬೇರೆ ಕಾರ್ಡು ಬರುವವರೆಗೆ ಅವರು ಹೋಗುವಂತಿರಲಿಲ್ಲ. ಬಂದರೂ ಹೋಗುವುದಿಲ್ಲ ಎಂದು ಇಬ್ಬರು ಹೇಳಿದ್ದರು, ಒಬ್ಬಳನ್ನು ಅತ್ತೆಯೇ ಬೇಡವೆಂದಿದ್ದಳು. ಎರಡು ದಿನ ಬಸ್ಸಿನಲ್ಲಿ ಒಬ್ಬಳೇ ಹೋಗಿಬಂದ ಚಿಗವ್ವನಿಗೆ ಡ್ರೈವರ್ ಹೇಳಿದನಂತೆ: “ಒಬ್ಬರ ಸಲುವಾಗಿ ಊರಾಗ ಗಾಡಿ ತಿರುಗಿಸಾಕ ಆಗಂಗಿಲ್ರಿ ಅವ್ವಾರ. ಈ ವಾರ ನೋಡ್ತೀನಿ, ಅಷ್ಟರಾಗ ಮಂದಿನ್ನ ಕರ್ಕೊಂಡು ಬರ್ರಿ.”

ಅಂದು ಸಂಜೆ ಅವಳು ನನಗೆ ಫೋನು ಮಾಡಿದಳು. ನಾನು ಯಾದಗಿರಿಯ ಒಂದು ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪ್ರಯೋಗಾಲಯ ನೋಡಿಕೊಳ್ಳುತ್ತೇನೆ, ಅಲ್ಲಿಯೇ ಒಂದು ಕೋಣೆ ಮಾಡಿಕೊಂಡಿದ್ದೇನೆ. ಚಿಗವ್ವ ಸಾಮಾನ್ಯವಾಗಿ ಊಟ ಆಯಿತೇ ಎಂದು ಕೇಳಿ ಇಡುವವಳು. ಅಂದು ಊಟದ ಮಾತೇ ಬರಲಿಲ್ಲ.

“ಯವ್ವಾ, ನೀ ಕಲತದ್ದು ಇಂಥದ್ದೇ ಅಲ್ಲೇನ? ಒಂದು ಮಾತು ಹೇಳು. ಪ್ಲಾಸ್ಟಿಕ್ಕಿಗೆ ಸೂಜಿ ಚುಚ್ಚಿದ್ರ ಯಾಕ ಸಾಯ್ತದ?”

“ಎಲ್ಲಿ ಚುಚ್ಚಿದಿ?”

“ನಂದು ನಡುವ. ಅವರದು ಮೂಲ್ಯಾಗ.”

ನನಗೆ ಅಲ್ಲಿಗೇ ಅರ್ಥವಾಯಿತು. ಆದರೆ ಫೋನಿನಲ್ಲಿ ಹೇಳಿದರೆ ಅವಳಿಗೆ ಸಮಾಧಾನವಾಗಬಹುದೇ ಹೊರತು ಅವಳ ಓಣಿಗೆ ಆಗುವುದಿಲ್ಲ ಎನ್ನಿಸಿತು. ನಾಳೆ ಬರುತ್ತೇನೆ ಎಂದೆ.

ಮರುದಿನ ನಮ್ಮ ವಿಭಾಗದ ಮುಖ್ಯಸ್ಥರನ್ನು ಕೇಳಿ, ವಿದ್ಯಾರ್ಥಿಗಳು ಅಭ್ಯಾಸಕ್ಕೆ ಬಳಸುವ, ಕಾರ್ಡು ಓದುವ ಒಂದು ಸಣ್ಣ ರೀಡರ್ ತೆಗೆದುಕೊಂಡೆ. ಅದು ಅಂಗೈಯಷ್ಟು ದೊಡ್ಡದು, ಮೊಬೈಲಿಗೆ ಕರೆಂಟು ತುಂಬುವ ಪವರ್ ಬ್ಯಾಂಕಿನಿಂದ ನಡೆಯುತ್ತದೆ. ಕಾರ್ಖಾನೆಯ ಗೇಟಿನ ಡಬ್ಬಿಯೊಳಗೆ ಇರುವುದೂ ಇಂಥದ್ದೇ. ಜೊತೆಗೆ ಒಂದಿಷ್ಟು ತೆಳುವಾದ ತಾಮ್ರದ ತಂತಿ, ಜೋಳದ ಕಾಳಿನಷ್ಟು ಒಂದು ಪುಟ್ಟ ದೀಪ. ಕಾಲೇಜು ಬಿಟ್ಟ ಮೇಲೆ ಬಳಿಚಕ್ರದ ಬಸ್ಸು ಹತ್ತಿದೆ.

ಬಸ್ಸಿನಲ್ಲಿ ಕೂತು, ಹೇಗೆ ಹೇಳಬೇಕೆಂದು ಯೋಚಿಸುತ್ತಿದ್ದೆ. ಈ ಕಾರ್ಡುಗಳನ್ನು ನಾನು ಮೊದಲು ಹತ್ತಿರದಿಂದ ಕಂಡದ್ದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ. ಅಲ್ಲಿ ಪುಸ್ತಕದ ಕೊನೆಯ ಪುಟಕ್ಕೆ ಅಂಥದ್ದೇ ಒಂದು ಕಾಗದದ ತುಂಡು ಅಂಟಿಸಿದ್ದರು. ನನಗೆ ಅದರಲ್ಲಿ ಹಿಡಿಸಿದ್ದು ಎರಡು ಗುಣ. ಒಂದು, ಅದರಲ್ಲಿ ಬ್ಯಾಟರಿ ಇಲ್ಲ. ಹತ್ತಿರ ಬಂದ ಯಂತ್ರ ಕೊಟ್ಟಷ್ಟು ಶಕ್ತಿಯಿಂದಲೇ ಎಚ್ಚರವಾಗಿ, ಉತ್ತರ ಕೊಟ್ಟು, ಮತ್ತೆ ಸುಮ್ಮನಾಗುತ್ತದೆ. ಇನ್ನೊಂದು, ಕೇಳಿದ್ದಕ್ಕಿಂತ ಹೆಚ್ಚು ಹೇಳುವುದಿಲ್ಲ. ಒಂದು ಸಂಖ್ಯೆ, ಅಷ್ಟೆ.

ಚಿಗವ್ವನ ಪಡಸಾಲೆಯಲ್ಲಿ ಇನ್ನೂ ದೀಪ ಹಾಕಿರಲಿಲ್ಲ. ಅವಳು ಯಾರನ್ನೂ ಕರೆದಿರಲಿಲ್ಲ. ನಾನು ಚೀಲದಿಂದ ಸಾಮಾನು ತೆಗೆದು ಚಾಪೆಯ ಮೇಲೆ ಇಡುವುದು ತೆರೆದ ಬಾಗಿಲಿನಿಂದ ಓಣಿಗೆ ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ಎದುರುಮನೆಯವಳು ಹೊಸ್ತಿಲಿಗೆ ಬಂದು ನಿಂತಳು.

“ಏನ್ ತಂಗೀ, ಚಿಗವ್ವನ ಪರವಾಗಿ ವಕೀಲಕಿ ಮಾಡಾಕ ಬಂದಿಯೇನು?”

“ಇಲ್ರಿ. ಕಾರ್ಡ್ ನೋಡಾಕ ಬಂದೇನಿ. ನಿಮ್ಮದು ತರ್ತೀರೇನು?”

ಅವಳು ನನ್ನನ್ನು ನೋಡಿದಳು, ಸಾಮಾನು ನೋಡಿದಳು, ಹೋಗಿ ಕಾರ್ಡು ತಂದಳು. ಅವಳ ಹಿಂದೆ ಮತ್ತೆ ಮೂವರು, ಅವರ ಹಿಂದೆ ಉಳಿದವರು. ಚಿಗವ್ವ ಚಹಾ ತಂದಿಟ್ಟಳು. “ಬ್ಯಾಡ, ಕುಡದ ಬಂದೇನಿ,” ಎಂದಳು ಎದುರುಮನೆಯವಳು. ಉಳಿದವರೂ ಲೋಟ ಮುಟ್ಟಲಿಲ್ಲ.

ನಾನು ಮೊದಲು ಚಿಗವ್ವನ ಕಾರ್ಡನ್ನು ರೀಡರಿನ ಮೇಲೆ ಇಟ್ಟೆ. ಅದು ಪೀಪ್ ಎಂದಿತು, ಅದರ ಪುಟ್ಟ ಪರದೆಯಲ್ಲಿ ಅಂಕೆಗಳು ಬಂದವು. ಎದುರುಮನೆಯವಳ ಕಾರ್ಡು ಇಟ್ಟೆ. ಏನೂ ಇಲ್ಲ.

“ನೋಡಿದ್ರೇನ? ಇಲ್ಲಿನೂ ಆಕಿಗೇ ಮರ್ಯಾದಿ,” ಎಂದಳು ಅವಳು.

“ಅದಕ್ಕ ನಿಮ್ಮ ಹೆಸರೂ ಗೊತ್ತಿಲ್ರಿ, ಚಿಗವ್ವನ ಹೆಸರೂ ಗೊತ್ತಿಲ್ಲ,” ಎಂದು ಪರದೆ ತೋರಿಸಿದೆ. “ಕಾರ್ಡಿನಾಗ ಬರೇ ಒಂದು ನಂಬರ್ ಇರ್ತದ. ಆ ನಂಬರ್ ಯಾರದು ಅಂತ ಬರಕೊಂಡಿರೋದು ಆಫೀಸಿನ ಕಂಪ್ಯೂಟರಿನಾಗ.”

“ಹೆಸರು ಸೈತ ಗೊತ್ತಿಲ್ಲದ್ದಕ್ಕ ಇಷ್ಟು ದಿನ ಕೈ ಮುಗದಂಗ ಹಿಡದಿವಲ್ಲೇ!” ಎಂದಳು ಹಿಂದಿನಿಂದ ಒಬ್ಬಳು. ಸಣ್ಣಗೆ ನಗು ಎದ್ದು ಅಲ್ಲೇ ನಿಂತಿತು.

ಆಮೇಲೆ ತಾಮ್ರದ ತಂತಿಯನ್ನು ಎರಡು ಬೆರಳಿಗೆ ನಾಲ್ಕಾರು ಸುತ್ತು ಸುತ್ತಿದೆ. ತಂತಿಯ ಎರಡು ತುದಿಗಳನ್ನು ಪುಟ್ಟ ದೀಪಕ್ಕೆ ಕಟ್ಟಿದೆ. ಬ್ಯಾಟರಿ ಇಲ್ಲ, ಬೇರೆ ತಂತಿ ಇಲ್ಲ. ಎಲ್ಲರ ಕೈಗೂ ಒಮ್ಮೆ ಕೊಟ್ಟು ನೋಡಿಸಿದೆ. ಆ ಸುತ್ತನ್ನು ರೀಡರಿನ ಹತ್ತಿರ ತಂದಾಗ ದೀಪ ಹೊತ್ತಿತು. ದೂರ ಒಯ್ದರೆ ಆರಿತು. ಹತ್ತಿರ ತಂದೆ, ಮತ್ತೆ ಹೊತ್ತಿತು.

ಅರೆಗತ್ತಲೆಯಲ್ಲಿ ಆ ಕೆಂಪು ಚುಕ್ಕೆಯನ್ನು ಎಲ್ಲರೂ ಬಗ್ಗಿ ನೋಡಿದರು. ರೀಡರಿನೊಳಗೂ ಇಂಥದ್ದೇ ಒಂದು ತಂತಿಯ ಸುತ್ತು ಇದೆ, ಅದರಲ್ಲಿ ಕರೆಂಟು ಒಂದೇ ಸಮನೆ ಹಿಂದೆ ಮುಂದೆ ಓಡುತ್ತಿರುತ್ತದೆ, ಅದರ ಎಳೆತ ಗಾಳಿಯಲ್ಲಿ ಚೂರು ದೂರದವರೆಗೆ ಇರುತ್ತದೆ, ಅಲ್ಲಿ ಇನ್ನೊಂದು ಸುತ್ತು ಬಂದರೆ ಅದರಲ್ಲೂ ಕರೆಂಟು ಹುಟ್ಟುತ್ತದೆ ಎಂದು ಹೇಳಿದೆ. ಕಾರ್ಡಿನೊಳಗೆ ಈ ದೀಪದ ಬದಲು ಒಂದು ಎಲೆಕ್ಟ್ರಾನಿಕ್ ಚಿಪ್ ಇದೆ. ಕರೆಂಟು ಸಿಕ್ಕ ಕೂಡಲೇ ಅದು ಎಚ್ಚರವಾಗಿ ತನ್ನ ನಂಬರ್ ಹೇಳುತ್ತದೆ.

“ಬಾಯಿ ಎಲ್ಲಿ ಅದ ಅದಕ್ಕ, ಹೇಳಾಕ?” ಎಂದಳು ಎದುರುಮನೆಯವಳು. ಒಳ್ಳೆಯ ಪ್ರಶ್ನೆ. ನನ್ನ ವಿದ್ಯಾರ್ಥಿಗಳು ಅದನ್ನು ಕೇಳುವುದು ಕಡಿಮೆ.

ಸುರಪುರದ ಅಜ್ಜಿಯ ಮನೆಯ ಬಾವಿ ನೆನಪಾಯಿತು. ಬೇಸಿಗೆಯಲ್ಲಿ ಹೂಳು ತೆಗೆಯಲು ಬಾವಿಯೊಳಗೆ ಇಳಿದವರು ಮೇಲಿದ್ದವರನ್ನು ಕೂಗಿದರೆ ದನಿ ಮೊಳಗಿ ಏನೂ ತಿಳಿಯುತ್ತಿರಲಿಲ್ಲ. ಅದಕ್ಕೇ ಹಗ್ಗ ಜಗ್ಗುತ್ತಿದ್ದರು. ಹಗ್ಗ ಹಿಡಿದವರು ಮೇಲಿನವರೇ, ಶಕ್ತಿಯೂ ಅವರದೇ. ಆದರೆ ಕೆಳಗಿನವರು ಒಮ್ಮೆ ಜಗ್ಗಿ ಒಮ್ಮೆ ಬಿಟ್ಟರೆ ಮೇಲಿನವರ ಅಂಗೈಗೆ ಗೊತ್ತಾಗುತ್ತಿತ್ತು. ಚಿಪ್ ಕೂಡ ಹಾಗೆಯೇ ಮಾಡುತ್ತದೆ. ರೀಡರ್ ಕೊಡುವ ಶಕ್ತಿಯನ್ನು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಜಗ್ಗುತ್ತದೆ. ಆ ಜಗ್ಗಾಟದ ಲಯವೇ ನಂಬರು. ಇದನ್ನು ನಾನು ಹೇಳುತ್ತಿದ್ದಂತೆ ಚಿಗವ್ವ ಮೂಲೆಯಿಂದ, “ನಮ್ಮಪ್ಪ ಇಳಿತಿದ್ದ, ನಾ ಹಗ್ಗ ಹಿಡಿತಿದ್ದೆ,” ಎಂದಳು.

ನಾನು ಕತ್ತರಿ ಕೇಳಿ, ಹೊತ್ತಿದ್ದ ದೀಪದ ಸುತ್ತನ್ನು ಒಂದು ಕಡೆ ಕತ್ತರಿಸಿದೆ. ದೀಪ ಆರಿತು. ರೀಡರಿಗೆ ತಗುಲಿಸಿದರೂ ಹೊತ್ತಲಿಲ್ಲ.

“ಕಾರ್ಡಿನಾಗ ಈ ಸುತ್ತು ಎಲ್ಲಿ ಅದ?” ಎಂದು ಎದುರುಮನೆಯವಳು ತಾನೇ ಕೇಳಿದಳು.

ಮೊಬೈಲಿನ ಟಾರ್ಚು ಹೊತ್ತಿಸಿ, ಅವಳ ಕಾರ್ಡನ್ನೇ ಅದರ ಮೇಲೆ ಅಡ್ಡ ಹಿಡಿದೆ. ಬಿಳಿಯ ಪ್ಲಾಸ್ಟಿಕ್ಕು ಬೆಳಗಿತು. ಅಂಚಿನಿಂದ ಚೂರೇ ಒಳಗೆ, ನಾಲ್ಕೂ ಬದಿಗೆ, ಸೀರೆಯ ದಡಿಯ ಗೆರೆಗಳಂತೆ ಒಂದರ ಪಕ್ಕ ಒಂದು ಸಣ್ಣ ಗೆರೆಗಳು ಕಂಡವು. ಒಂದು ಕಡೆ ಎಳ್ಳಿನಷ್ಟು ಕಪ್ಪು ಚುಕ್ಕೆ, ಅದೇ ಚಿಪ್. ನಡುವೆಲ್ಲ ಖಾಲಿ. ಮೂಲೆಯಲ್ಲಿ ಆ ಗೆರೆಗಳು ಹೊರಳುವ ಜಾಗದಲ್ಲೇ ಚಿಗವ್ವನ ದುಂಡನೆಯ ತೂತು ಇತ್ತು. ಗೆರೆಗಳು ಅದರ ಒಂದು ಬದಿಯಲ್ಲಿ ಬಂದು ನಿಂತು, ಇನ್ನೊಂದು ಬದಿಯಲ್ಲಿ ಮತ್ತೆ ಶುರುವಾಗುತ್ತಿದ್ದವು.

ಚಿಗವ್ವ ಎದ್ದು ಬಂದು ನನ್ನ ಕೈಯಿಂದ ಕಾರ್ಡು ತೆಗೆದುಕೊಂಡಳು. ಅದನ್ನು ಎರಡು ಬೆರಳಲ್ಲಿ ಹಿಡಿದು, ಸ್ವಲ್ಪ ಬಗ್ಗಿಸಿ, ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದಳು.

“ನರ,” ಎಂದಳು. “ನರಕ್ಕ ಚುಚ್ಚೀನಿ. ಕೂಸಿನ ಕಿವಿ ಆಗಿದ್ರ ನೋಡದ ಸೂಜಿ ಇಡ್ತಿದ್ದಿಲ್ಲ. ಪ್ಲಾಸ್ಟಿಕ್ಕಿನಾಗ ನರ ಇರ್ತದಂತ ಯಾರಿಗೆ ಗೊತ್ತಿತ್ತು?”

ಎದುರುಮನೆಯವಳು ಚಿಗವ್ವನ ಕಾರ್ಡನ್ನು ಚಾಪೆಯಿಂದ ಎತ್ತಿಕೊಂಡು ತಾನೇ ಟಾರ್ಚಿನ ಮೇಲೆ ಹಿಡಿದಳು. ಗೆರೆಗಳು ಸುತ್ತಲೂ ಎಲ್ಲೂ ಕಡಿಯದೆ ಓಡಿದ್ದವು. ಮೂಗಿನ ಮೇಲಿನ ತೂತು ಖಾಲಿ ಜಾಗದ ನಡುವೆ ಬೆಳಕಿನ ಚುಕ್ಕೆಯಾಗಿ ಕಾಣುತ್ತಿತ್ತು. ಅವಳು ತಿರುಗಿಸಿ ತಿರುಗಿಸಿ ನೋಡಿದಳು. ನಂತರ ಉಳಿದವರ ಕಾರ್ಡುಗಳನ್ನೂ ಒಂದೊಂದಾಗಿ ಇಸಿದುಕೊಂಡು ನೋಡಿದಳು. ಬೇರೆಯವರು ಹೇಳಿದ್ದನ್ನು ಒಪ್ಪುವ ಜಾತಿಯವಳಲ್ಲ ಅವಳು, ಕಣ್ಣಿಗೆ ಕಂಡದ್ದನ್ನು ಒಪ್ಪುವವಳು.

“ಅಂದ್ರ,” ಎಂದಳು ಕೊನೆಗೆ, “ನಾವು ಮೂಲ್ಯಾಗ ಬೇಕು ಅಂದಿದ್ದಕ್ಕ ಸತ್ತಾವ. ನತ್ತು ಇಡಿಸ್ಕೊಂಡಿದ್ರ ಉಳಿತಿದ್ವು.”

“ಹೌದ್ರಿ.”

“ಆಕಿದು ಕೈ ಜಾರಿ ಉಳದದ.”

“ಹೌದು.”

ಅವಳು ಕಾರ್ಡುಗಳನ್ನು ಒಟ್ಟುಮಾಡಿ ಚಾಪೆಯ ಮೇಲಿಟ್ಟಳು. ಚಹಾದ ಲೋಟ ಮುಟ್ಟಿ ನೋಡಿದಳು. “ಆರಿದ ಚಾ ನಾ ಕುಡ್ಯಂಗಿಲ್ಲಕ್ಕ,” ಎಂದಳು ಚಿಗವ್ವನಿಗೆ. “ಮತ್ತೊಮ್ಮೆ ಇಡು. ಸಕ್ರಿ ಜರ ಜಾಸ್ತಿ ಹಾಕು.”

ಚಿಗವ್ವ ಒಳಗೆ ಹೋದವಳು ಒಲೆಯ ಮುಂದೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಇದ್ದಳು. ನಾನು ಹಿಂದೆ ಹೋಗಲಿಲ್ಲ. ನನ್ನ ಹಾಗೆಯೇ ಅವಳಿಗೂ ಕೆಲವು ಹೊತ್ತಿನಲ್ಲಿ ಯಾರೂ ನೋಡದಿರುವುದೇ ಒಳ್ಳೆಯದು.

ಮರುದಿನ ಚಿಗವ್ವ ಆಫೀಸಿನಲ್ಲಿ ಹೋಗಿ ನಿಂತು, ತೂತು ಹಾಕಿದವಳು ತಾನೇ, ಯಾಕೆ ಹಾಕಿದ್ದು, ಎಲ್ಲಿ ತಪ್ಪಿತು ಎಂದು ಎಲ್ಲವನ್ನೂ ಹೇಳಿದಳಂತೆ. ಸತ್ತ ಒಂದು ಕಾರ್ಡನ್ನೂ ಒಯ್ದಿದ್ದಳು. ಅಲ್ಲಿದ್ದ ಅಧಿಕಾರಿ ಅದನ್ನು ತನ್ನ ಮೊಬೈಲಿನ ಬೆಳಕಿಗೆ ಹಿಡಿದು ನೋಡಿ, ಪಕ್ಕದ ಮೇಜಿನವರನ್ನೂ ಕರೆದು ತೋರಿಸಿದನಂತೆ. ಬೈದದ್ದು ಸ್ವಲ್ಪವೇ. ಆ ವಾರ ಮುಗಿಯುವುದರೊಳಗೆ ಎಲ್ಲರಿಗೂ ಬೇರೆ ಕಾರ್ಡು ಬಂದವು. ಅವುಗಳ ಜೊತೆ ಪಾರದರ್ಶಕ ಪ್ಲಾಸ್ಟಿಕ್ಕಿನ ಒಂದು ಕವಚ, ಅದಕ್ಕೆ ಪಿನ್ನು ಪೋಣಿಸಲು ತಕ್ಕ ಒಂದು ಸಣ್ಣ ಉಂಗುರ. “ಇದನ್ನ ಮೊದಲೇ ಕೊಟ್ಟಿದ್ರ ನಾ ಸೂಜಿ ಯಾಕ ಕಾಯಿಸ್ತಿದ್ದೆ?” ಎಂದು ಚಿಗವ್ವ ಆಫೀಸಿನವರನ್ನು ಕೇಳಿದಳಂತೆ. ಅವಳಿಗೂ ಬೇರೆ ಕಾರ್ಡು ಕೊಡಲು ಬಂದರು. ತನ್ನದು ಸತ್ತಿಲ್ಲವಲ್ಲ ಎಂದು ಅವಳು ಒಲ್ಲೆ ಎಂದಳು.

ಬಸ್ಸಿನ ಡ್ರೈವರ್ ಕೊಟ್ಟ ವಾರ ಮುಗಿದ ಮೇಲೂ ಗಾಡಿ ಊರೊಳಗೆ ಬಂತು. ಅತ್ತೆ ಬೇಡವೆಂದಿದ್ದವಳು ಮೂರು ದಿನ ತಡವಾಗಿ ಹೊರಟಳು. ಸಾಲು ನೋಡಿಕೊಳ್ಳುವ ಕೆಲಸ ಬೇರೆ ಊರಿನ ಒಬ್ಬಳಿಗೆ ಹೋಯಿತು. ಅದರ ಬಗ್ಗೆ ಬಳಿಚಕ್ರದವರೆಲ್ಲ ಒಟ್ಟಾಗಿ ಬಸ್ಸಿನಲ್ಲಿ ಬೈದುಕೊಂಡರೆಂದು ಚಿಗವ್ವ ಬಹಳ ಖುಷಿಯಿಂದ ಹೇಳಿದಳು.

ಚಳಿ ಶುರುವಾದ ಮೇಲೆ ಒಂದು ಭಾನುವಾರ ನಾನು ಅಲ್ಲಿಗೆ ಹೋದಾಗ ಎದುರುಮನೆಯವಳು ಮೊಮ್ಮಗಳನ್ನು ಎತ್ತಿಕೊಂಡು ಬಂದಳು. ಹೆರಿಗೆಗೆಂದು ತವರಿಗೆ ಬಂದಿದ್ದ ಮಗಳು ಹಿಂದಿನಿಂದ ಅಳುಕುತ್ತ ಬರುತ್ತಿದ್ದಳು. ಯಾದಗಿರಿಯಲ್ಲಿ ನೋವಾಗದಂತೆ ಯಂತ್ರದಲ್ಲಿ ಚುಚ್ಚುವ ಅಂಗಡಿ ಇದೆಯಂತೆ, ಅಲ್ಲಿಗೆ ಹೋಗೋಣ ಎಂದು ಮಗಳು ಹೇಳಿದ್ದಳಂತೆ.

“ಯಂತ್ರ ಬ್ಯಾಡ, ಏನೂ ಬ್ಯಾಡ. ನಿನ್ನ ಕಿವಿ ಚುಚ್ಚಿದಾಕಿ ಈಕಿನೇ,” ಎಂದು ಎದುರುಮನೆಯವಳು ಕೂಸನ್ನು ಚಿಗವ್ವನ ತೊಡೆಯ ಮೇಲಿಟ್ಟಳು. ಆಮೇಲೆ ಸೊಂಟದಿಂದ ಮೊಬೈಲು ತೆಗೆದು ಟಾರ್ಚು ಹೊತ್ತಿಸಿದಳು. “ಅಕ್ಕಾ, ಮೊದಲ ಇದನ್ನ ಹಿಡದು ನೋಡು. ಒಳಗ ತಂತಿ ಗಿಂತಿ ಅದಾವೇನು.”

“ನಿನ್ನ ಮೊಮ್ಮಗಳಲ್ಲೇನ? ತಂತಿ ಯಾಕ, ಕರೆಂಟೇ ಇರ್ತದ. ಆರಿಸು ಅದನ್ನ.”

ಚಿಗವ್ವ ಕೂಸನ್ನು ಅಂಗಳದ ಬಿಸಿಲಿಗೆ ತಿರುಗಿಸಿದಳು. ಹಾಲೆ ಕೆಂಪಗೆ ಬೆಳಗಿತು. ಅವಳು ಎಂದಿಗಿಂತ ತುಸು ಹೆಚ್ಚೇ ಹೊತ್ತು ನೋಡಿದಳು, ಉಸಿರು ಹಿಡಿದಳು, ಸೂಜಿ ಇಟ್ಟಳು. ಕೂಸು ಓಣಿಗೆಲ್ಲ ಕೇಳುವಂತೆ ಕಿರುಚಿತು.

“ಚಾಲೂ ಅದ, ಚಾಲೂ ಅದ,” ಎಂದಳು ಎದುರುಮನೆಯವಳು.